ನಮ್ಮ ಕಿಸುಕಾಡು : ನದಿ, ನಾಡು ಮತ್ತು ಆಡಳಿತ

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ, ಪದ್ಯವೊಂದರಲ್ಲಿ ‘ನಾಡು’ ಎಂಬ ಶಬ್ದ ಬಂದಿತು. ಅರ್ಥವನ್ನು ಹೇಳುವ ಮೊದಲು, ‘ನಮ್ಮೂರು ಯಾವ ನಾಡಿನಲ್ಲಿದೆ?’ ಎಂದು ಕೇಳಿದೆನು. ‘ಕರ್ನಾಟಕ’ ಎಂದರು ಕೆಲವರು. ತಾಲ್ಲೂಕಿನ ಹೆಸರನ್ನು ಹೇಳಿದರು ಕೆಲವರು. ಒಬ್ಬನು ಪಿನ್‌ಕೋಡ್ ಸಂಖ್ಯೆಯನ್ನೇ ಹೇಳಿ ಎಲ್ಲರನ್ನೂ ನಗಿಸಿದನು. ‘ಹಾಗಾದರೆ ನಮ್ಮ ಮಲಪ್ರಭೆಯ ನೀರು ಎಲ್ಲಿಂದ ಬರುತ್ತದೆ?’ ಎಂದು ಮತ್ತೆ ಕೇಳಿದೆನು. ಹೊಳೆಯ ದಂಡೆಯ ಹಳ್ಳಿಯಿಂದಲೇ ಬರುತ್ತಿದ್ದ ಹುಡುಗನೊಬ್ಬನು ಎದ್ದು ನಿಂತು, ‘ಡ್ಯಾಮಿನಿಂದ ಬಿಡ್ತಾರ್ರೀ, ಸರ’ ಎಂದನು. ಅವನ ಉತ್ತರ ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವನು ಕಂಡಿದ್ದುದು ಅಷ್ಟೇ. ಆದರೆ ಹೊಳೆಯ ಮಗನಿಗೆ ಹೊಳೆಯ ತವರು ತಿಳಿಯದಂತಾದುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಆದೇಶಿಸಿದಾಗ, ಛಂದಸ್ಸು ವ್ಯಾಕರಣಗಳ ನನ್ನ ನಿತ್ಯದ ಹಾದಿಯನ್ನು ಬಿಟ್ಟು ಈ ಪ್ರಶ್ನೆಯನ್ನೇ ವಾಚಕರ ಮುಂದಿಡಲು ಮನಸ್ಸು ಮಾಡಿದೆನು.

ಭೂಗೋಲ, ಆಡಳಿತ ಇವು ಪಂಡಿತನ ವಿಷಯಗಳಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಹಳಗನ್ನಡವನ್ನು ಓದಿದವನಿಗೆ ಶಾಸನಗಳನ್ನು ಓದದೆ ಗತಿಯಿಲ್ಲ. ಶಾಸನಗಳನ್ನು ಓದಿದವನಿಗೆ ನಾಡಿನ ಎಲ್ಲೆಗಳನ್ನೂ ಊರಿನ ಹೆಸರುಗಳನ್ನೂ ತಿಳಿಯದೆ ಅರ್ಥವಾಗದು. ನಾವು ವಾಸಿಸುವ ಈ ಪ್ರದೇಶದ ಮಟ್ಟಿಗಂತೂ ಭಾಷೆ, ಭೂಮಿ, ಆಡಳಿತ ಈ ಮೂರನ್ನೂ ಒಂದರಿಂದೊಂದನ್ನು ಬಿಡಿಸಿ ನೋಡಲು ಸಾಧ್ಯವಿಲ್ಲ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ ಗೋದಾವರಿಗಳೆಂಬ ಎರಡು ನದಿಗಳಿಂದ ಗುರುತಿಸಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅದೇ ಗ್ರಂಥವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಕೊಪಣವು ಇಂದಿನ ಕೊಪ್ಪಳ, ಪುಲಿಗೆರೆಯು ಲಕ್ಷ್ಮೇಶ್ವರ, ಒಂಕುಂದವು ಬೈಲಹೊಂಗಲ ತಾಲ್ಲೂಕಿನ ವಕ್ಕುಂದ, ಕಿಸುವೊಳಲು ನಮ್ಮ ಪಟ್ಟದಕಲ್ಲು. ಈ ನಾಲ್ಕರಲ್ಲಿ ವಕ್ಕುಂದ ಪಟ್ಟದಕಲ್ಲುಗಳೆರಡೂ ಮಲಪ್ರಭೆಯ ದಂಡೆಯ ಮೇಲಿವೆ ಎಂಬುದನ್ನು ಗಮನಿಸಬೇಕು. ‘ಕಿಸು’ ಎಂದರೆ ಕೆಂಪು. ‘ಪೊಳಲ್’ ಎಂದರೆ ಪಟ್ಟಣ. ಸಮಾಸದಲ್ಲಿ ಪಕಾರಕ್ಕೆ ವಕಾರವು ಆದೇಶವಾಗಿ ಕಿಸುವೊಳಲ್ ಆಯಿತು. ಬಾದಾಮಿಯಿಂದ ಪಟ್ಟದಕಲ್ಲಿನವರೆಗೆ ಬಸ್ಸಿನಲ್ಲಿ ಹೋದವನಿಗೆ ಈ ಹೆಸರಿಗೆ ವ್ಯಾಖ್ಯಾನವೇ ಬೇಡ. ಹಾದಿಯುದ್ದಕ್ಕೂ ಕೆಂಪು ಮರಳುಗಲ್ಲಿನ ಬೆಟ್ಟಗಳೇ ಆ ಹೆಸರನ್ನು ಹೇಳುತ್ತವೆ. ನಮ್ಮ ಹಿರಿಯರು ಊರಿಗೆ ಹೆಸರಿಡುವಾಗ ಮೊದಲು ಮಣ್ಣಿನ ಬಣ್ಣವನ್ನು ನೋಡಿದರು.

ಆ ಕೆಂಪು ಪಟ್ಟಣದ ಸುತ್ತಲಿನ ನಾಡೇ ‘ಕಿಸುಕಾಡು ಎಪ್ಪತ್ತು’. ಅದಕ್ಕೆ ಸಮೀಪದಲ್ಲಿ ‘ಕೆಲವಡಿ ಮುನ್ನೂರು’ ಇತ್ತು. ಅದರ ಹೆಸರನ್ನು ಹೊತ್ತ ಕೆಲವಡಿ ಬಾದಾಮಿಗೆ ಉತ್ತರದಲ್ಲಿ ಇಂದಿಗೂ ಇದೆ. ಘಟಪ್ರಭೆಯ ಕಡೆಗೆ ‘ಬಾಗಡಗೆ ಎಪ್ಪತ್ತು’ ಇತ್ತು; ಆ ಬಾಗಡಗೆಯೇ ಇಂದಿನ ಬಾಗಲಕೋಟೆ. ಈ ಅಂಕಿಗಳು ನಾಡಿನ ಗ್ರಾಮಸಂಖ್ಯೆಯನ್ನು ಸೂಚಿಸುತ್ತವೆಂಬುದು ಬಹುಜನ ವಿದ್ವಾಂಸರ ಮತ. ಬನವಾಸಿ ಪನ್ನಿರ್ಛಾಸಿರದಂಥ ದೊಡ್ಡ ಅಂಕಿಗಳ ವಿಷಯದಲ್ಲಿ ಚರ್ಚೆಯುಂಟಾದರೂ, ಎಪ್ಪತ್ತು ಮುನ್ನೂರುಗಳಂಥ ಸಣ್ಣ ಅಂಕಿಗಳನ್ನು ಹಳ್ಳಿಗಳ ಎಣಿಕೆಯೆಂದು ತಿಳಿಯಲು ಅಡ್ಡಿಯಿಲ್ಲ. ಇಲ್ಲಿ ನನಗೆ ಮುಖ್ಯವಾಗಿ ತೋರುವುದು ಅಂಕಿಯ ಬೆಲೆಯಲ್ಲ, ಅದು ನಿಂತಿರುವ ಸ್ಥಾನ. ಮೊದಲು ನೆಲದ ಹೆಸರು, ಆಮೇಲೆ ಅಂಕಿ. ಹೆಸರು ಜನರದು; ಅಂಕಿ ಆಡಳಿತದ್ದು. ಎರಡೂ ಒಂದೇ ಪದದಲ್ಲಿ ಕೂಡಿ ಬಾಳಿದವು.

ಈ ಕಣಿವೆಯ ಭೂಸ್ವರೂಪವನ್ನು ಒಮ್ಮೆ ನೆನೆಯೋಣ. ಮಲಪ್ರಭೆಯು ಸಹ್ಯಾದ್ರಿಯಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 304 ಕಿಲೋಮೀಟರು ಹರಿದು, ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹುಟ್ಟುವಲ್ಲಿ ಧಾರಾಕಾರ ಮಳೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ವರ್ಷಕ್ಕೆ ಆರುನೂರು ಮಿಲಿಮೀಟರಿಗಿಂತಲೂ ಕಡಿಮೆ ಮಳೆಯಾಗುವ ಬಯಲುಸೀಮೆ. ಆದುದರಿಂದ ನಮ್ಮ ಹೊಳೆಯಲ್ಲಿ ಹರಿಯುವುದು ಬಹುಪಾಲು ಬೇರೆಯವರ ಮಳೆ. ನಡುವೆ ಸವದತ್ತಿ ಸೀಮೆಯ ನವಿಲುತೀರ್ಥದಲ್ಲಿ ಕಟ್ಟಿದ ಜಲಾಶಯವು ಸುಮಾರು ಐದು ದಶಕಗಳಿಂದ ಅದನ್ನು ತಡೆದು ಕಾಲುವೆಗಳಿಗೆ ಹಂಚುತ್ತಿದೆ. ಜಲಾಶಯದ ಕೆಳಗೆ ಧಾರವಾಡದ ಎರೆಯ ಬಯಲಿನಿಂದ ಬರುವ ಬೆಣ್ಣಿಹಳ್ಳವು ಸೇರುತ್ತದೆ. ಅದಕ್ಕೆ ಯಾವ ಅಣೆಕಟ್ಟಿನ ಬಾಗಿಲೂ ಇಲ್ಲ. ಆಮೇಲೆ ಬೆಟ್ಟಗಳ ನಡುವೆ ಬಳುಕುತ್ತ, ಪಟ್ಟದಕಲ್ಲಿನಲ್ಲಿ ಉತ್ತರವಾಹಿನಿಯಾಗಿ, ಐಹೊಳೆಯನ್ನು ಬಳಸಿ ಹುನಗುಂದದ ಬಯಲಿಗೆ ಇಳಿಯುತ್ತದೆ.

ಮಣ್ಣಿನ ಮಾತನ್ನು ಹೇಳುವುದಾದರೆ, ಬಾದಾಮಿಯ ಮರಳುಗಲ್ಲು, ಬಾಗಲಕೋಟೆಯ ಸುಣ್ಣದಕಲ್ಲು, ಇಳಕಲ್ಲಿನ ಕೆಂಪು ಗ್ರಾನೈಟು, ಹುನಗುಂದದ ಎರೆ ಈ ನಾಲ್ಕೂ ಒಂದು ಹಗಲಿನ ಪ್ರಯಾಣದೊಳಗೆ ಕಾಣಸಿಗುತ್ತವೆ. 1876ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಈ ಶಿಲಾಸ್ತರಗಳನ್ನು ವರ್ಣಿಸಿ ಅವಕ್ಕೆ ನಮ್ಮ ಕಲಾದಗಿಯ ಹೆಸರನ್ನೇ ಕೊಟ್ಟರು. ಜಗತ್ತಿನ ಭೂವಿಜ್ಞಾನಿಗಳು ಇಂದಿಗೂ ಆ ಹೆಸರಿನಿಂದಲೇ ಅವನ್ನು ಕರೆಯುತ್ತಾರೆ. ಕಲ್ಲು ಹೇಗೋ ಬದುಕೂ ಹಾಗೆ. ಎರೆಯ ಹೊಲಕ್ಕೆ ಒಡ್ಡು ಹಾಕಿ, ಮಳೆಯ ನೀರನ್ನು ಹೊಲದಲ್ಲೇ ಇಂಗಿಸಿ, ಆ ತೇವದ ಮೇಲೆ ಹಿಂಗಾರಿ ಜೋಳವನ್ನು ಬೆಳೆಯುವ ಹುನಗುಂದದ ರೈತನ ವಿದ್ಯೆಯಾಗಲಿ, ಇಳಕಲ್ಲಿನ ಸೀರೆ ಗುಳೇದಗುಡ್ಡದ ಖಣಗಳ ಮಗ್ಗದ ವಿದ್ಯೆಯಾಗಲಿ, ಮಳೆಯನ್ನೇ ನೆಚ್ಚಿ ಕೂಡಲಾಗದ ಸೀಮೆಯಲ್ಲಿ ಮನುಷ್ಯನು ಕಂಡುಕೊಂಡ ಉಪಾಯಗಳು.

ಬಾದಾಮಿಯ ಚಾಲುಕ್ಯರು ತಮ್ಮ ರಾಜಧಾನಿಗೆ ಈ ಕಣಿವೆಯನ್ನು ಆರಿಸಿದುದು ಆಕಸ್ಮಿಕವಲ್ಲ. ಶಕವರ್ಷ 465, ಎಂದರೆ ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿಯು ವಾತಾಪಿಯ ಬೆಟ್ಟವನ್ನು ದುರ್ಗವನ್ನಾಗಿ ಮಾಡಿದುದನ್ನು ಅಲ್ಲಿನ ಬಂಡೆಯ ಶಾಸನವೇ ಸಾರುತ್ತದೆ. ಅರಸನು ಕೋಟೆಯನ್ನು ಹೊಳೆಯ ದಂಡೆಯ ಮೇಲೆ ಕಟ್ಟಲಿಲ್ಲ. ಹೊಳೆಯಿಂದ ಹಿಂದೆ ಸರಿದು ಬೆಟ್ಟದ ಮಡಿಲಿನಲ್ಲಿ, ಮಳೆನೀರು ನಿಲ್ಲುವ ಕೆರೆಯನ್ನು ನಡುವೆ ಇಟ್ಟುಕೊಂಡು ಕಟ್ಟಿದನು. ಪಟ್ಟಾಭಿಷೇಕದ ಕ್ಷೇತ್ರವು ಇಪ್ಪತ್ತೆರಡು ಕಿಲೋಮೀಟರುಗಳಾಚೆ ಹೊಳೆಯ ದಂಡೆಯ ಪಟ್ಟದಕಲ್ಲಾಯಿತು. ಅದಕ್ಕೂ ಕೆಳಗಿನ ಐಹೊಳೆಯು ಶಿಲ್ಪಿಗಳ ಪಾಠಶಾಲೆಯಾಯಿತು, ಮುಂದೆ ವರ್ತಕರ ತವರಾಯಿತು. ‘ಅಯ್ಯಾವೊಳೆ ಐನೂರ್ವರು’ ಎಂಬ ಮಹಾಸಂಘದ ಶಾಸನಗಳು ತಮಿಳುನಾಡು ಸಿಂಹಳಗಳವರೆಗೂ ದೊರೆಯುತ್ತವೆ. ಕಾವಲು ಬೆಟ್ಟದಲ್ಲಿ, ಪಟ್ಟ ಹೊಳೆಯಲ್ಲಿ, ವ್ಯಾಪಾರ ಬಯಲಿನ ಬಾಗಿಲಲ್ಲಿ. ಒಂದೇ ಕಣಿವೆಯು ರಾಜ್ಯದ ಮೂರು ಕೆಲಸಗಳನ್ನು ಮೂರು ಊರುಗಳಿಗೆ ಹಂಚಿಕೊಟ್ಟಿತು. ಇಂಥ ವ್ಯವಸ್ಥೆಯನ್ನು ಮಾಡಿದವರು ನೆಲವನ್ನು ಕಾಲಿನಿಂದ ಅಳೆದು ತಿಳಿದವರಾಗಿರಬೇಕು.

ರಾಜಧಾನಿಯು ಬೇರೆಡೆಗೆ ಹೋದ ಮೇಲೂ ನಾಡು ಉಳಿಯಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಹನ್ನೊಂದನೆಯ ಶತಮಾನದಲ್ಲಿ, ಕಿಸುಕಾಡು ಎಪ್ಪತ್ತನ್ನು ಆಳಿದವಳು ಅಕ್ಕಾದೇವಿ, ಎರಡನೆಯ ಜಯಸಿಂಹನ ಸೋದರಿ. ಸೂಡಿಯ ಶಾಸನವೊಂದು ಆ ಪಟ್ಟಣದ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಹಿಂದಿನಿಂದ ಸಲ್ಲುತ್ತಿದ್ದ ಮರ್ಯಾದೆಯ ವ್ಯವಸ್ಥೆಯನ್ನು ಆಕೆಯು ಮತ್ತೆ ದೃಢಪಡಿಸಿದುದನ್ನು ತಿಳಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಎರಂಬರಗೆಯ ಸಿಂದರು ಕಿಸುಕಾಡು, ಬಾಗಡಗೆ, ಕೆಲವಡಿಗಳನ್ನು ಆಳುತ್ತಿದ್ದಾಗ, ಪಟ್ಟದಕಲ್ಲಿನಲ್ಲಿ ಇದ್ದುಕೊಂಡು ಅಧಿಕಾರವನ್ನು ನಡೆಯಿಸಿದವರು ರಾಣಿ ದೇಮಲದೇವಿ ಮತ್ತು ಆಕೆಯ ಮಗ ಆಚಿದೇವ. ಈ ಎರಡು ಉದಾಹರಣೆಗಳಲ್ಲಿ ಸ್ತ್ರೀಯರು ಆಡಳಿತ ನಡೆಸಿದರೆಂಬ ಹೆಮ್ಮೆಯ ಜೊತೆಗೆ ಇನ್ನೊಂದು ಸಂಗತಿಯೂ ಅಡಗಿದೆ. ಸೂಡಿಯು ಇಂದು ಗದಗ ಜಿಲ್ಲೆಯ ರೋಣದ ಕಡೆಗಿದೆ. ಪಟ್ಟದಕಲ್ಲು ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಕಡೆಗಿದೆ. ಹೊಳೆಯ ಆಚೆಯ ಊರೂ ಈಚೆಯ ಊರೂ ಆಗ ಒಂದೇ ನಾಡು. ಕಿಸುಕಾಡಿಗೆ ಮಲಪ್ರಭೆಯು ಬೆನ್ನೆಲುಬಾಗಿತ್ತು. ನಮಗೆ ಅದು ಎಲ್ಲೆಯಾಗಿದೆ.

ನನ್ನ ಅಭಿಪ್ರಾಯದ ತಿರುಳು ಇದೇ. ನದಿಯನ್ನು ನಡುವೆ ಇಟ್ಟುಕೊಂಡ ಆಡಳಿತಕ್ಕೂ ನದಿಯನ್ನು ಅಂಚಿಗೆ ತಳ್ಳಿದ ಆಡಳಿತಕ್ಕೂ ಬಹಳ ಅಂತರವಿದೆ. ನಡುವೆ ಇದ್ದುದನ್ನು ಮನೆಯ ಯಜಮಾನನು ದಿನವೂ ನೋಡುತ್ತಾನೆ. ಹಿತ್ತಿಲ ಬೇಲಿಯಲ್ಲಿದ್ದುದನ್ನು ಜಗಳ ಬಂದಾಗ ಮಾತ್ರ ನೋಡುತ್ತಾನೆ.

ಈ ಅಂತರವು ಹೇಗೆ ಬೆಳೆಯಿತೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಪೇಶವೆಯವರ ಆಡಳಿತವು 1818ರಲ್ಲಿ ಮುಗಿದು ಆಂಗ್ಲರ ಕೈಗೆ ಈ ಸೀಮೆ ಬಂದ ಮೇಲೆ, 1864ರಲ್ಲಿ ಕಲಾದಗಿ ಜಿಲ್ಲೆಯು ರಚಿತವಾಯಿತು. ಕಲಾದಗಿಯು ಘಟಪ್ರಭೆಯ ದಂಡೆಯ ಊರು. 1885ರಲ್ಲಿ ಜಿಲ್ಲೆಯ ಕೇಂದ್ರವು ವಿಜಾಪುರಕ್ಕೆ ಹೋಯಿತು. ಆದಿಲ್‌ಶಾಹಿ ಅರಮನೆಗಳಿದ್ದ ಆ ನಗರವು ಕೃಷ್ಣೆಯ ಆಚೆಗೆ, ಬೇರೊಂದು ಬಯಲಿನಲ್ಲಿದ್ದಿತು. ಜಮಖಂಡಿ ಮುಧೋಳ ಸಂಸ್ಥಾನಗಳು 1948ರಲ್ಲಿ ವಿಲೀನಗೊಂಡವು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಬಿಡುಗಡೆ ಹೊಂದಿ ಕನ್ನಡಿಗರ ಒಂದೇ ರಾಜ್ಯದೊಳಗೆ ನಾವು ಸೇರಿದೆವು. ಅಷ್ಟಾದರೂ ನಮ್ಮ ಜಿಲ್ಲಾ ಕೇಂದ್ರವು ಕೃಷ್ಣೆಯಾಚೆಗೇ ಉಳಿಯಿತು. ನಾನು ಸೇವೆಗೆ ಸೇರಿದ ಹೊಸತರಲ್ಲಿಯೂ ಹಾಗೆಯೇ ಇತ್ತು. ಒಂದು ಕಾಗದದ ಮೇಲೆ ಒಂದು ಸಹಿಗಾಗಿ ಬಾದಾಮಿ ಹುನಗುಂದಗಳ ಹಳ್ಳಿಯವನು ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದುದೇ ಪುಣ್ಯ; ಸಾಹೇಬರು ದೌರೆಯ ಮೇಲಿದ್ದರೆ ಮತ್ತೊಮ್ಮೆ ಅದೇ ಪ್ರಯಾಣ.

1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆಯು ಅಸ್ತಿತ್ವಕ್ಕೆ ಬಂದುದು ಈ ಕಷ್ಟವನ್ನು ಬಹುಮಟ್ಟಿಗೆ ನೀಗಿತು. ಬಾಗಲಕೋಟೆ, ಬಾದಾಮಿ, ಹುನಗುಂದ, ಬೀಳಗಿ, ಮುಧೋಳ, ಜಮಖಂಡಿ ಎಂಬ ಆರು ತಾಲ್ಲೂಕುಗಳ, 6,575 ಚದರ ಕಿಲೋಮೀಟರುಗಳ ಈ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 18,89,752 ಜನರಿದ್ದರು. 2017-18ರಲ್ಲಿ ರಾಜ್ಯದಾದ್ಯಂತ ಹೊಸ ತಾಲ್ಲೂಕುಗಳು ರಚನೆಯಾದಾಗ ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳು ತಾಲ್ಲೂಕುಗಳಾದವು. ಆಮೇಲೆ ತೇರದಾಳಕ್ಕೂ ಆ ಮಾನ್ಯತೆ ದೊರೆಯಿತು. ಕಚೇರಿಯು ಜನರ ಹತ್ತಿರಕ್ಕೆ ಬಂದಿತು. ಇದನ್ನು ಸಣ್ಣ ಉಪಕಾರವೆಂದು ನಾನು ಎಣಿಸುವುದಿಲ್ಲ. ಹಳೆಯ ನಾಡುಗಳ ವೈಭವವನ್ನು ಹೊಗಳುವ ಭರದಲ್ಲಿ, ಇಂದಿನ ಬಡವನಿಗೆ ದೊರೆತ ಈ ಅನುಕೂಲವನ್ನು ಮರೆಯುವುದು ಅನ್ಯಾಯವಾದೀತು. ಅಲ್ಲದೆ ಶಾಸನಗಳಲ್ಲಿ ನಾವು ಕೇಳುವುದು ದಾನ ಕೊಟ್ಟವರ ಮತ್ತು ಪಡೆದವರ ಧ್ವನಿ. ತೆರಿಗೆ ತೆತ್ತವನ ನಿಟ್ಟುಸಿರು ಕಲ್ಲಿನ ಮೇಲೆ ಮೂಡಿದುದು ಕಡಿಮೆ. ಹಳೆಯದೆಲ್ಲವೂ ಹೊನ್ನೆಂದು ನಾನು ಹೇಳುತ್ತಿಲ್ಲ.

ಆದರೆ ಕಚೇರಿಯು ಜನರ ಹತ್ತಿರಕ್ಕೆ ಬಂದ ಅದೇ ವರ್ಷಗಳಲ್ಲಿ ಹೊಳೆಯು ಕಚೇರಿಯಿಂದ ದೂರವಾಯಿತು. 1997ರಲ್ಲಿಯೇ ಗದಗವೂ ಪ್ರತ್ಯೇಕ ಜಿಲ್ಲೆಯಾಯಿತು. ನದಿಯ ಮೂಲ ಮತ್ತು ಜಲಾಶಯ ಬೆಳಗಾವಿ ಜಿಲ್ಲೆಯಲ್ಲಿ. ಬೆಣ್ಣಿಹಳ್ಳವು ಹರಿದು ಬರುವುದು ಧಾರವಾಡದ ಕಡೆಯಿಂದ. ಬಲದಂಡೆಯ ನರಗುಂದ ರೋಣಗಳು ಗದಗ ಜಿಲ್ಲೆಯಲ್ಲಿ. ಎಡದಂಡೆಯ ಬಾದಾಮಿಯೂ ಕೆಳಗಿನ ಹುನಗುಂದವೂ ಬಾಗಲಕೋಟೆಯಲ್ಲಿ. ಹೀಗೆ ಒಂದೇ ಹೊಳೆಯ ನೀರು ನಾಲ್ಕು ಜಿಲ್ಲೆಗಳ ದಫ್ತರಗಳಲ್ಲಿ ನಾಲ್ಕು ಬೇರೆ ಬೇರೆ ಕಾಗದಗಳಾಗಿ ಹರಿಯುತ್ತದೆ. ಪ್ರತಿಯೊಂದು ಕಚೇರಿಗೂ ತನ್ನ ಎಲ್ಲೆಯೊಳಗಿನ ಹೊಳೆಯ ತುಂಡು ಗೊತ್ತು. ಇಡಿಯ ಹೊಳೆಯನ್ನು ದಿನನಿತ್ಯ ಗಮನಿಸುವ ಹೊಣೆ ಯಾರದು?

ಇದರ ಫಲವನ್ನು ನಾವು ಎರಡು ಸಲ ಕಣ್ಣಾರೆ ಕಂಡೆವು. 2009ರ ಮಹಾಪೂರದಲ್ಲಿ ಮಲಪ್ರಭೆಯ ದಂಡೆಯ ಎಷ್ಟೋ ಹಳ್ಳಿಗಳು ನೀರಿನಲ್ಲಿ ನಿಂತವು. ಆಮೇಲೆ ಅವುಗಳಲ್ಲಿ ಹಲವಕ್ಕೆ ಎತ್ತರದ ನೆಲದಲ್ಲಿ ‘ಆಸರೆ’ ಮನೆಗಳಾದವು. ಹತ್ತು ವರ್ಷಗಳ ಮೇಲೆ, 2019ರ ಆಗಸ್ಟಿನಲ್ಲಿ, ಅದೇ ಕಥೆ ಮರುಕಳಿಸಿತು. ಮೇಲೆ ಜಲಾಶಯದಿಂದ ಬಿಟ್ಟ ನೀರು, ಪಕ್ಕದಿಂದ ಬೆಣ್ಣಿಹಳ್ಳದ ನೀರು ಎರಡೂ ಕೂಡಿ ಬಂದು, 1987ರಲ್ಲಿ ವಿಶ್ವಪರಂಪರೆಯ ತಾಣವೆಂದು ಮಾನ್ಯತೆ ಪಡೆದ ಪಟ್ಟದಕಲ್ಲಿನ ದೇಗುಲಗಳ ಅಂಗಳವನ್ನು ಹೊಕ್ಕವು. ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷನ ಗುಡಿ ನಿಂತ ಅಂಗಳವದು. ಇದೇ ಹೊಳೆ ಬೇಸಗೆಯಲ್ಲಿ ಮರಳೂ ಇಲ್ಲದೆ ಒಣಗಿ, ಜಾಲಿ ಬೆಳೆದು, ಎರಡು ಬದಿಯಿಂದಲೂ ಹೊಲಗಳು ಒತ್ತಿಕೊಂಡು ಬಂದು, ಹಳ್ಳದಷ್ಟೇ ಅಗಲವಾಗಿ ಕಾಣುತ್ತದೆ. ವರ್ಷದ ಎಂಟು ತಿಂಗಳು ಹೊಳೆಯಿಲ್ಲವೆಂದೇ ಬಾಳಿದವರಿಗೆ ನಾಲ್ಕು ದಿನ ಅದು ಬಂದಾಗ ಎಲ್ಲಿಯೂ ಹಾದಿ ಬಿಟ್ಟಿರುವುದಿಲ್ಲ.

ಆ ವರ್ಷ ಪೂರ ಇಳಿದ ಮೇಲೆ, ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಜೋಳ, ಹಾಸಿಗೆ, ಪುಸ್ತಕಗಳನ್ನು ತೆಗೆದುಕೊಂಡು ದಂಡೆಯ ಒಂದು ಹಳ್ಳಿಗೆ ನಾವು ಕೆಲವರು ಶಿಕ್ಷಕರು ಹೋಗಿದ್ದೆವು. ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧರೊಬ್ಬರು ಗೋಡೆಯ ಮೇಲೆ ಕೆಸರಿನ ಗೆರೆಯನ್ನು ತೋರಿಸಿ ಹೇಳಿದರು: ‘ಗುರುಗಳ, ಹೊಳಿ ತನ್ನ ದಾರಿ ಮರ್ಯಾಂಗಿಲ್ಲ, ಮರಿಯೂದು ನಾವು. ನಮ್ಮಪ್ಪ ಇಲ್ಲೀತನ ಬಂದಿತ್ತು ಅಂತಿದ್ದ. ನಾವು ಹುಡುಗರಿದ್ದಾಗ ನಕ್ಕಿದ್ವಿ.’ ಮುಂದಿನ ವರ್ಷ ಅದೇ ಊರಿಗೆ ಹೋದಾಗ ಆ ಗೋಡೆಗೆ ಸುಣ್ಣ ಬಳಿದಿದ್ದರು. ಗೆರೆ ಇರಲಿಲ್ಲ. ತಂದೆಯ ಬಾಯಿಂದ ಮಗನಿಗೆ ಬಂದ ಅರಿವು ಮೊಮ್ಮಗನಿಗೆ ತಲಪುವ ಮೊದಲೇ ಅಳಿದುಹೋಗುವುದನ್ನು ನಾನು ಅಲ್ಲಿ ಕಂಡೆನು.

ಘಟಪ್ರಭೆಯ ದಂಡೆಯ ಬಾಗಲಕೋಟೆಯ ಕಥೆ ಇದಕ್ಕಿಂತ ಬೇರೆಯಾದರೂ ಇದರ ಸೋದರನೇ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಆಲಮಟ್ಟಿಯ ಜಲಾಶಯವು ತುಂಬತೊಡಗಿದಾಗ, ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿತು. ಬೇರೆಯವರ ಹೊಲಗಳು ಹಸುರಾಗಲೆಂದು ಒಂದು ಪಟ್ಟಣವೇ ತನ್ನ ಮನೆಗಳನ್ನು ಬಿಟ್ಟು ನವನಗರಕ್ಕೆ ನಡೆಯಿತು. ಹೊಸ ಜಿಲ್ಲೆಯ ಕಚೇರಿಗಳೂ ಅಲ್ಲಿಯೇ ನೆಲೆಗೊಂಡವು. ನವನಗರದ ಬೀದಿಗಳು ಅಗಲವಾಗಿವೆ, ಶಾಲೆ ಆಸ್ಪತ್ರೆಗಳಿಗೆ ಸ್ಥಳವಿದೆ. ಅದರಲ್ಲಿ ಕೊರತೆಯನ್ನು ಹುಡುಕುವುದು ನನ್ನ ಉದ್ದೇಶವಲ್ಲ. ಆದರೆ ಮುಳುಗಿದ ಊರಿನ ಓಣಿಗಳಿಗೆ ಹೆಸರುಗಳಿದ್ದವು. ನವನಗರದಲ್ಲಿ ಸೆಕ್ಟರುಗಳಿಗೆ ಅಂಕಿಗಳಿವೆ. ‘ಬಾಗಡಗೆ ಎಪ್ಪತ್ತು’ ಎಂಬಲ್ಲಿ ಹೆಸರು ಮೊದಲು, ಅಂಕಿ ಆಮೇಲೆ ಇದ್ದಿತು. ಈಗ ಹೆಸರು ಹೋಗಿ ಅಂಕಿ ಮಾತ್ರ ಉಳಿಯಿತು. ಜಲಾಶಯದ ಮಟ್ಟವನ್ನು ಈಗಿನ 519.60 ಮೀಟರುಗಳಿಂದ 524.256 ಮೀಟರುಗಳಿಗೆ ಏರಿಸಲು ನ್ಯಾಯಾಧಿಕರಣವು 2010ರಲ್ಲಿ ಒಪ್ಪಿಗೆ ಕೊಟ್ಟ ವಿಚಾರ ಇನ್ನೂ ಜೀವಂತವಾಗಿದೆ. ಅದು ಕೈಗೂಡಿದಾಗ ಇನ್ನಷ್ಟು ಊರುಗಳು ಏಳಬೇಕಾಗುತ್ತವೆ. ಆ ಊರುಗಳ ಹೆಸರು, ಗುಡಿ, ಬಾವಿ, ಶಾಸನ, ಹೊಲದ ಹೆಸರುಗಳನ್ನು ನೀರು ಬರುವ ಮೊದಲೇ ಬರೆದಿಡುವವರು ಯಾರು?

ಇಲ್ಲಿ ವಾಚಕರಲ್ಲಿ ಕೆಲವರಿಗೆ ಒಂದು ಸಂದೇಹ ಬರಬಹುದು: ಪಂಡಿತರು ಜಿಲ್ಲೆಗಳನ್ನೆಲ್ಲ ಅಳಿಸಿ ಮತ್ತೆ ಕಿಸುಕಾಡು ಎಪ್ಪತ್ತನ್ನು ಮಾಡಬೇಕೆನ್ನುತ್ತಾರೆಯೇ? ಖಂಡಿತ ಇಲ್ಲ. ಜಿಲ್ಲೆಯ ಎಲ್ಲೆಗಳನ್ನು ನದಿಯ ಕಣಿವೆಗಳಿಗೆ ಸರಿಯಾಗಿ ಗೀಚುವುದು ಸುಲಭವೂ ಅಲ್ಲ, ಅವಶ್ಯಕವೂ ಅಲ್ಲ. ಬಸ್ಸು, ಪೇಟೆ, ಕಾಲೇಜು, ಆಸ್ಪತ್ರೆಗಳ ಹಾದಿಗಳು ಇಂದು ಹೊಳೆಯ ಹಾದಿಗಿಂತ ಬೇರೆ. ನಾನು ಕೇಳುವುದು ಎಲ್ಲೆಗಳ ಬದಲಾವಣೆಯನ್ನಲ್ಲ, ದೃಷ್ಟಿಯ ಬದಲಾವಣೆಯನ್ನು. ಅದಕ್ಕಾಗಿ ನನ್ನ ಅಲ್ಪಮತಿಗೆ ತೋರಿದ ನಾಲ್ಕು ಕಾರ್ಯಗಳನ್ನು ನಿವೇದಿಸುತ್ತೇನೆ.

ಮೊದಲನೆಯದು ಸರಕಾರದವರು ಮಾಡತಕ್ಕದ್ದು. ಪ್ರತಿ ವರ್ಷ ಮುಂಗಾರಿಗೆ ಮೊದಲು ನಾಲ್ಕು ಜಿಲ್ಲೆಗಳ ಅಧಿಕಾರಿಗಳೂ ಜಲಾಶಯವನ್ನು ನೋಡಿಕೊಳ್ಳುವವರೂ ದಂಡೆಯ ಪಂಚಾಯತಿಗಳ ಹಿರಿಯರೂ ಒಂದೇ ಚಾವಡಿಯಲ್ಲಿ ಕೂಡಬೇಕು. ಇಷ್ಟು ನೀರು ಬಿಟ್ಟರೆ, ಬೆಣ್ಣಿಹಳ್ಳ ಹೀಗೆ ಬಂದರೆ, ಯಾವ ಊರಿಗೆ ಎಷ್ಟು ತಾಸಿನಲ್ಲಿ ಎಷ್ಟು ನೀರು ಬರುತ್ತದೆಂಬುದನ್ನು ಕನ್ನಡದಲ್ಲಿ, ಊರವರಿಗೆ ತಿಳಿಯುವ ಮಾತಿನಲ್ಲಿ ಬರೆದು ಪ್ರತಿ ಪಂಚಾಯತಿಯ ಗೋಡೆಗೆ ಹಚ್ಚಬೇಕು. ಹಾಗೆಯೇ ಬರದ ವರ್ಷದಲ್ಲಿ ಕುಡಿಯುವ ನೀರಿನ ಪಾಲನ್ನೂ ಅಲ್ಲಿಯೇ ಮಾತಾಡಿಕೊಳ್ಳಬೇಕು. ಮಹಾದಾಯಿ ನ್ಯಾಯಾಧಿಕರಣವು 2018ರಲ್ಲಿ ಕಳಸಾ ಬಂಡೂರಿಗಳಿಂದ ಮಲಪ್ರಭೆಗೆ 3.9 ಟಿ.ಎಂ.ಸಿ. ನೀರನ್ನು ತಿರುಗಿಸಲು ಅವಕಾಶ ಕೊಟ್ಟಿದೆ. ಆ ನೀರಿಗಾಗಿ ನಮ್ಮ ರೈತರು ವರ್ಷಗಟ್ಟಲೆ ಹೋರಾಡಿದರು, ಹೋರಾಡಿದುದು ನ್ಯಾಯವೇ. ಆದರೆ ಬೇರೆಯ ಹೊಳೆಯ ನೀರನ್ನು ಕೇಳುವವರು ತಮ್ಮ ಹೊಳೆಯ ಪಾತ್ರವನ್ನು ಉಳಿಸಿಕೊಳ್ಳಬೇಕೆಂಬುದೂ ಅಷ್ಟೇ ನ್ಯಾಯ.

ಎರಡನೆಯದು ಊರವರು ಮಾಡತಕ್ಕದ್ದು. ನಮ್ಮ ಹಿರಿಯರು ಮರೆಯಬಾರದುದನ್ನು ಕಲ್ಲಿನಲ್ಲಿ ಬರೆಸಿದರು. ಕ್ರಿ.ಶ. 634ರ ಹೊತ್ತಿಗೆ ಐಹೊಳೆಯ ಮೇಗುತಿಯ ಗೋಡೆಯ ಮೇಲೆ ರವಿಕೀರ್ತಿಯು ತನ್ನ ಅರಸನ ಕೀರ್ತಿಯನ್ನು ಬರೆಸಿದುದರಿಂದಲೇ ಇಮ್ಮಡಿ ಪುಲಕೇಶಿಯ ಚರಿತ್ರೆ ನಮಗೆ ಉಳಿದಿದೆ. ನಾವು ಅರಸರ ಕೀರ್ತಿಯನ್ನು ಬರೆಸಬೇಕಾಗಿಲ್ಲ. ದಂಡೆಯ ಪ್ರತಿ ಊರಿನಲ್ಲಿ ಒಂದು ಕಲ್ಲು ನೆಟ್ಟು, 2009ರಲ್ಲಿ ನೀರು ಇಲ್ಲಿಯವರೆಗೆ ಬಂದಿತ್ತು, 2019ರಲ್ಲಿ ಇಲ್ಲಿಯವರೆಗೆ ಎಂದು ಎರಡು ಗೆರೆಗಳನ್ನು ಕೊರೆಯಿಸಿದರೆ ಸಾಕು. ಕಲ್ಲಿಗೆ ನಮ್ಮಲ್ಲಿ ಬರವಿಲ್ಲ, ಕಲ್ಲುಕುಟಿಗರಿಗೂ ಬರವಿಲ್ಲ. ಸುಣ್ಣ ಬಳಿದರೂ ಹೋಗದ ಗೆರೆಯದು. ಮನೆ ಕಟ್ಟಲು ಪಾಯ ತೋಡುವವನು ಮೊದಲು ಆ ಕಲ್ಲನ್ನು ನೋಡಿಯಾನು.

ಮೂರನೆಯದು ಶಿಕ್ಷಕರಾದ ನಾವು ಮಾಡತಕ್ಕದ್ದು. ಪ್ರತಿ ಪ್ರೌಢಶಾಲೆಯಲ್ಲಿ ‘ನಾಡವಹಿ’ ಎಂಬ ಒಂದು ದೊಡ್ಡ ಪುಸ್ತಕವಿರಲಿ. ದಿನದ ಮಳೆ, ಊರ ಬಾವಿಯ ನೀರಿನ ಆಳ, ಹೊಳೆ ಬಂದ ಮತ್ತು ಬತ್ತಿದ ತಿಥಿ, ಹೊಲಗಳ ಹೆಸರು, ಹಳ್ಳಗಳ ಹೆಸರು, ಊರಿನ ಶಾಸನದ ನಕಲು, ಹಿರಿಯರ ಬಾಯಿಮಾತು ಇವನ್ನು ಮಕ್ಕಳೇ ತಮ್ಮ ಕೈಯಿಂದ ಬರೆಯಲಿ. ಭೂಗೋಲದ ಶಿಕ್ಷಕನು ಮಳೆಯನ್ನು ಅಳೆಯಲು ಕಲಿಸಲಿ. ಇತಿಹಾಸದವನು ನಾಡಿನ ಹೆಸರನ್ನು ಹೇಳಲಿ. ಕನ್ನಡದವನು ಆ ಹೆಸರಿನ ಅರ್ಥವನ್ನು ಬಿಡಿಸಲಿ. ಮೂರು ವಿಷಯಗಳ ಪಾಠವು ಒಂದು ಪುಟದಲ್ಲಿ ಕೂಡುತ್ತದೆ. ಮಕ್ಕಳು ಅಮೆಜಾನ್, ನೈಲ್ ನದಿಗಳ ಉದ್ದವನ್ನು ಕಲಿಯಬಾರದೆಂದು ನಾನು ಹೇಳುವುದಿಲ್ಲ. ಅವುಗಳಿಗೆ ಮೊದಲು ಮಲಪ್ರಭೆಯ ಉದ್ದ ತಿಳಿದಿರಲಿ.

ನಾಲ್ಕನೆಯದು ದಾನಿಗಳು ಮತ್ತು ಹಳೆಯ ವಿದ್ಯಾರ್ಥಿಗಳು ಮಾಡತಕ್ಕದ್ದು. ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟು ಗೋಡೆಯ ಮೇಲೆ ಹೆಸರು ಬರೆಸುವ ಸಂಪ್ರದಾಯ ನಮ್ಮಲ್ಲಿ ಬೆಳೆದಿದೆ. ಅದು ಒಳ್ಳೆಯದೇ, ಆ ಕೊಠಡಿಗಳಲ್ಲಿ ಕುಳಿತು ಕಲಿತವರೇ ಇಂದು ದಾನಿಗಳಾಗಿದ್ದಾರೆ. ಅದರ ಜೊತೆಗೆ ಒಂದು ಮಳೆಮಾಪಕ, ಒಂದು ಕಣಿವೆಯ ದೊಡ್ಡ ಭೂಪಟ, ವರ್ಷಕ್ಕೊಮ್ಮೆ ಹತ್ತನೆಯ ತರಗತಿಯ ಮಕ್ಕಳನ್ನು ಕಣಕುಂಬಿಯಿಂದ ಕೂಡಲಸಂಗಮದವರೆಗೆ ಹೊಳೆಯ ಜೊತೆಯಲ್ಲಿ ಕರೆದುಕೊಂಡು ಹೋಗುವ ಖರ್ಚು ಇಷ್ಟನ್ನು ಕೊಟ್ಟರೆ ಅದು ಕೊಠಡಿಗಿಂತ ಕಡಿಮೆಯ ದಾನವಲ್ಲ. ನವನಗರದಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತಮ್ಮ ಬಡಾವಣೆಯ ಅಂಕಿಯ ಕೆಳಗೆ ಮುಳುಗಿದ ಓಣಿಯೊಂದರ ಹೆಸರನ್ನು ಬರೆಸಲು ಪ್ರಯತ್ನಿಸಿದರೆ ಇನ್ನೂ ಸಂತೋಷ.

ಕೂಡಲಸಂಗಮವನ್ನು ಹೆಸರಿಸಿದ ಮೇಲೆ ಒಂದು ಮಾತನ್ನು ಹೇಳದೆ ಮುಗಿಸಲಾರೆನು. ನಾರಾಯಣಪುರದ ಜಲಾಶಯದ ಹಿನ್ನೀರು ಸಂಗಮವನ್ನು ಆವರಿಸುವಂತಾದಾಗ, ಅಣ್ಣ ಬಸವಣ್ಣನವರ ಐಕ್ಯಸ್ಥಳವನ್ನು ಮುಳುಗಲು ಬಿಡದೆ, ಅದರ ಸುತ್ತಲೂ ಆಳವಾದ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡರು. ಇಂದು ಭಕ್ತರು ಮೆಟ್ಟಿಲುಗಳನ್ನಿಳಿದು, ಸುತ್ತಲೂ ನೀರಿದ್ದರೂ ಒಣನೆಲದ ಮೇಲೆ ನಿಂತು ಕೈಮುಗಿದು ಬರುತ್ತಾರೆ. ಉಳಿಸಲೇಬೇಕೆಂದು ಜನರೂ ಸರಕಾರವೂ ಒಮ್ಮನಸ್ಸಾದರೆ ಉಪಾಯ ದೊರೆಯುತ್ತದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಇರುವ ಸಾಕ್ಷಿಯಿದು. ಅಂಥ ಗೋಡೆಯನ್ನು ಎಲ್ಲ ಊರುಗಳಿಗೂ ಕಟ್ಟಲಾಗದು, ನಿಜ. ಆದರೆ ಹೆಸರುಗಳಿಗೆ, ನೆನಪುಗಳಿಗೆ, ಹೊಳೆಯ ಅರಿವಿಗೆ ಕಟ್ಟಬೇಕಾದ ಗೋಡೆಗೆ ಕಲ್ಲು ಗಾರೆಗಳು ಬೇಕಾಗಿಲ್ಲ. ಶಾಲೆಯಲ್ಲಿ ಒಂದು ವಹಿ, ಅದನ್ನು ಬಿಡದೆ ಬರೆಯಿಸುವ ಒಬ್ಬ ಗುರು ಇದ್ದರೆ ಸಾಕು.

ನಮ್ಮ ಶಾಲೆಯ ಮಟ್ಟಿಗೆ ಆ ವಹಿಯನ್ನು ಬರುವ ಜೂನ್ ತಿಂಗಳ ಮೊದಲ ಮಳೆಯ ದಿನ ತೆರೆಯಬೇಕೆಂದು ಸಹೋದ್ಯೋಗಿಗಳೊಡನೆ ಮಾತಾಡಿದ್ದೇನೆ. ನಾನು ನಿವೃತ್ತನಾಗಲು ಇನ್ನು ಕೆಲವೇ ವರ್ಷಗಳಿವೆ. ಅದನ್ನು ಮುಂದುವರಿಸುವವರು ನನ್ನ ಬಳಿಕ ಬರುವ ಶಿಕ್ಷಕರು. ಮೊದಲ ಪುಟದ ತಲೆಯ ಮೇಲೆ ಏನು ಬರೆಯಬೇಕೆಂಬುದನ್ನು ಮಾತ್ರ ಈಗಲೇ ನಿಶ್ಚಯಿಸಿದ್ದೇನೆ. ಜಿಲ್ಲೆ, ತಾಲ್ಲೂಕು, ಹೋಬಳಿಗಳ ಹೆಸರುಗಳನ್ನು ಕ್ರಮವಾಗಿ ಬರೆದು, ಅವುಗಳ ಕೆಳಗೆ ‘ನಾಡು : ಕಿಸುಕಾಡು ಎಪ್ಪತ್ತು, ಹೊಳೆ : ಮಲಪ್ರಭೆ, ತವರು : ಕಣಕುಂಬಿ’ ಎಂದು ಬರೆಯತಕ್ಕದ್ದು. ‘ಡ್ಯಾಮಿನಿಂದ’ ಎಂದು ಉತ್ತರ ಕೊಟ್ಟ ಆ ಹುಡುಗನು ಈಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ಆ ಸಾಲನ್ನು ಬರೆಯಲು ಅವನನ್ನೇ ಕರೆಯಬೇಕೆಂದಿದ್ದೇನೆ. ಅವನ ಅಕ್ಷರ ನನ್ನದಕ್ಕಿಂತ ದುಂಡಾಗಿದೆ.